ಖರೆ ಹೇಳುವ ಹೆಡ್‌ಫೋನು

ಮೊದಲು ‘ಟಕ್’. ಆಮೇಲೆ ‘ಶ್…’ ಎಂಬ ಉದ್ದನೆಯ ಉಸಿರು. ಮನೆಯ ಹಿಂದೆ ಎಲ್ಲೋ ದೂರದಲ್ಲಿ ಸಮುದ್ರ ಇದೆಯೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ. ಆ ಉಸಿರಿನ ಕೊನೆಗೆ ಹೆಂಗಸೊಬ್ಬಳು ಗಂಟಲು ಸರಿಮಾಡಿಕೊಂಡು ಹಾಡಲು ತೊಡಗುತ್ತಿದ್ದಳು. ಕ್ಯಾಸೆಟ್ಟಿನ ಕಾಲ ಕಂಡವರಿಗೆ ಆ ‘ಶ್’ ಎಂದರೇನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೊನ್ನೆ ನನ್ನ ತಂಗಿಯ ಮೊಮ್ಮಗಳು ಎರಡು ಹೊಸ ಹೆಡ್‌ಫೋನ್ ಹಿಡಿದುಕೊಂಡು ಬಂದಳು. ಮನೆಯಲ್ಲೇ ಕೂತು, ಲ್ಯಾಪ್‌ಟಾಪಿನಲ್ಲಿ ಹಾಡು ಕಟ್ಟಿ ತಾನೇ ಮಿಕ್ಸ್ ಮಾಡುವ ಹುಡುಗಿ ಅದು. “ಅಜ್ಜಿ, ಒಂದನ್ನ ಇಟ್ಕೊಂಡು ಒಂದನ್ನ ವಾಪಸ್ ಕಳಿಸ್ಬೇಕು. ಯಾವುದು ಬೆಸ್ಟ್ ಹೇಳು,” ಎಂದು ನನ್ನ ಬಿಳಿ ಕೂದಲ ಮೇಲೆ ಒಂದನ್ನು ಏರಿಸಿಯೇಬಿಟ್ಟಳು. ಹಾಡು ಶುರುವಾಗುವ ಮೊದಲು ಒಂದು ಕ್ಷಣ ಏನೂ ಇರಲಿಲ್ಲ. ಆ ‘ಶ್’ ಕೂಡ ಇರಲಿಲ್ಲ. ಅಬ್ಸಲ್ಯೂಟ್ ಸೈಲೆನ್ಸ್. ಅಷ್ಟು ಖಾಲಿ ಜಾಗ ಸಿಕ್ಕಿದ್ದೇ ತಡ, ಅಲ್ಲಿಗೆ ನಮ್ಮ ಪಕ್ಕದ ಮನೆಯವರು ಬಂದು ಕೂತುಬಿಟ್ಟರು…

ಕುಮಟೆಯಲ್ಲಿ ನಮ್ಮ ಕೇರಿಯವರೆಲ್ಲ ಅವರನ್ನು ‘ಎಕ್ಸ್‌ಚೇಂಜಿನವರು’ ಎಂದೇ ಕರೆಯುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ, ಮೊದಲು ಹೊನ್ನಾವರದಲ್ಲಿ, ಆಮೇಲೆ ನಮ್ಮೂರಲ್ಲಿ, ಜನ್ಮವಿಡೀ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕೂತವರು. ಮಷೀನುಗಳು ಬಂದು ಆಪರೇಟರುಗಳು ಬೇಡವಾದ ಮೇಲೆ ಮೇಜಿನ ಕೆಲಸ ಕೊಟ್ಟರು. ಅದು ರುಚಿಸದೆ ಬೇಗ ರಿಟೈರ್ಮೆಂಟ್ ತೆಗೆದುಕೊಂಡರು. ನಾನು ಆಗ ಇಂಗ್ಲಿಷ್ ಕಲಿಸುತ್ತಿದ್ದೆ. ನಮ್ಮ ಕಡೆ ಹೆಣ್ಣು ಟೀಚರಿಗೆ ‘ಅಕ್ಕೋರು’ ಎನ್ನುವುದು. ಅವರಿಗೂ ಅವರ ಹೆಂಡತಿಗೂ ನಾನು ಅಕ್ಕೋರು. ನಡುವೆ ಒಂದು ಗಿಡ್ಡ ಪಾಗಾರದ ಗೋಡೆ, ಅದರ ಮೇಲೆ ಸದಾ ಓಡಾಡುವ ಬಟ್ಟಲುಗಳು. ಅವರಿಗೆ ಮಕ್ಕಳಿರಲಿಲ್ಲ. ನನಗೆ ಮದುವೆಯೇ ಆಗಿರಲಿಲ್ಲ.

ಹೆಂಡತಿ ಹೊಳನಗದ್ದೆಯವಳು. ಮದುವೆಮನೆಗಳಲ್ಲಿ ಹಾಡು ಹೇಳಲು ಸುತ್ತಲಿನ ಊರಿನವರು ಅವಳನ್ನು ಕರೆಯುತ್ತಿದ್ದರು. ಅರಿಶಿನ ಹಚ್ಚುವಾಗ ಒಂದು ಹಾಡು, ಧಾರೆಯ ಹೊತ್ತಿಗೆ ಇನ್ನೊಂದು, ಹೆಣ್ಣು ಒಪ್ಪಿಸುವಾಗ ಮತ್ತೊಂದು. ಓದು ಬರಹ ಅಷ್ಟಕ್ಕಷ್ಟೇ. ಆದರೆ ಹಾಡಿಗೆ ಕೂತಳೆಂದರೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದು ಸಾಲೂ ತಪ್ಪುತ್ತಿರಲಿಲ್ಲ. ಹಾಡುವಾಗ ಅಂಗೈಯಿಂದ ತೊಡೆಯ ಮೇಲೆ ಮೆಲ್ಲಗೆ ತಟ್ಟುವುದು ಅವಳ ರೂಢಿ. ಪ್ರತಿ ಸಾಲಿನ ಕೊನೆಗೆ ಹಸಿರು ಗಾಜಿನ ಬಳೆಗಳು ಒಮ್ಮೆ ‘ಕಿಣಿ’ ಎನ್ನುತ್ತಿದ್ದವು.

ತೊಂಬತ್ತರ ದಶಕದ ಕೊನೆಯ ವರ್ಷಗಳಿರಬೇಕು. ಕೊಂಕಣ ರೈಲು ಆಗಷ್ಟೇ ಓಡಲು ಶುರುವಾಗಿತ್ತು. ಹೆಂಡತಿಯ ಹಾಡುಗಳನ್ನೆಲ್ಲ ರೆಕಾರ್ಡ್ ಮಾಡಬೇಕೆಂಬ ಹುಚ್ಚು ಅವರಿಗೆ ಹಿಡಿಯಿತು. ಅಕ್ಕಿ ಮುಡಿಗಳನ್ನು ಇಡುವ ಒಳಗಿನ ಕೋಣೆಯೇ ಸ್ಟುಡಿಯೋ. ಹುಲ್ಲಿನಿಂದ ಬಿಗಿದ ಆ ಮುಡಿಗಳು ಗೋಡೆಯುದ್ದಕ್ಕೂ ಇರುವುದರಿಂದ ಅಲ್ಲಿ ದನಿ ಪ್ರತಿಧ್ವನಿಸುವುದಿಲ್ಲ ಎಂದು ಅವರೇ ಚಪ್ಪಾಳೆ ತಟ್ಟಿ ಪರೀಕ್ಷೆ ಮಾಡಿ ಕಂಡುಕೊಂಡಿದ್ದರು. ಫ್ಯಾನ್ ಹಾಕುವಂತಿಲ್ಲ. ರೈಲು ಕೂಗಿದರೆ ಮತ್ತೆ ಮೊದಲಿಂದ. ನಾನು ಬಾಗಿಲ ಬಳಿ ಬೆವರು ಒರೆಸಿಕೊಳ್ಳುತ್ತ ಆಡಿಯನ್ಸ್.

ಮೊದಲ ದಿನವೇ ಜಗಳ.

“ಬಳೆ ಸದ್ದು ಬತ್ತದೆ. ತೆಗೆದಿಟ್ಟು ಹಾಡು,” ಎಂದರು ಇವರು.

ಅವಳು ಕಣ್ಣರಳಿಸಿದಳು. “ಎಂತ ಹೇಳ್ತ್ರಿ? ಗಂಡ ಎದ್ರಿಗೆ ಕೂತಿರುವಾಗ ಬಳೆ ತೆಗೀಬೇಕಾ?”

“ಒಂದು ಹಾಡಿನ ಮಟ್ಟಿಗೆ ಮಾರಾಯ್ತಿ.”

“ಹಾಂಗಾರೆ ಒಂದು ಹಾಡಿನ ಮಟ್ಟಿಗೆ ನೀವು ಸಾಯ್ರಿ. ಆಮೇಲೆ ತೆಗೀತೆ. ಆತಾ?”

ನಾನು ನಕ್ಕೆನೆಂದು ಬಾಣ ನನ್ನ ಕಡೆಗೂ ತಿರುಗಿತು. “ಅಕ್ಕೋರನ್ನ ಬೇಕಾದ್ರೆ ಹಾಡ್ಸಿ. ಅವ್ರ ಕೈಗೆ ಗಡಿಯಾರವೇ ಗಂಡ. ಅದೂ ಬರೀ ಟಿಕ್ ಟಿಕ್ ಅಂತದೆ, ಹೆಚ್ಗೆ ಮಾತಿಲ್ಲ.”

ಬಳೆ ಕೈಯಲ್ಲೇ ಉಳಿಯಿತು. ಅವರು ಗೊಣಗುತ್ತ ಗುಂಡಿ ಒತ್ತಿದರು. ಟಕ್. ಶ್… ಹಾಗೆ ಕ್ಯಾಸೆಟ್ಟುಗಳು ತುಂಬಿದವು, ಪ್ರತಿ ಸಾಲಿನ ಕೊನೆಗೂ ಬಳೆ ಇಟ್ಟುಕೊಂಡು. ಪ್ರತಿ ಸಲ ರಿವೈಂಡ್ ಮಾಡಿ ಕೇಳುವಾಗಲೂ ಇವರು ಹಣೆ ಗಂಟಿಕ್ಕಿ, “ನೋಡಿ ಅಕ್ಕೋರೆ, ಬಂತು ಇವಳ ಕಿಣಿಕಿಣಿ. ಇಡೀ ಹಾಡನ್ನ ಹಾಳು ಮಾಡ್ತದೆ,” ಎನ್ನುತ್ತಿದ್ದರು.

ಅವಳು ಹೋದದ್ದು ಒಂದು ಮಳೆಗಾಲದ ಕೊನೆಗೆ, ಜ್ವರವೆಂದು ಮಲಗಿದವಳು ಏಳಲಿಲ್ಲ. ಹಸಿರು ಬಳೆ ತೊಟ್ಟೇ ಹೋದಳು. ಬಂದ ಹೆಂಗಸರೆಲ್ಲ ಮುತ್ತೈದೆ ಸಾವು, ಪುಣ್ಯವಂತೆ ಎಂದರು. ಎಕ್ಸ್‌ಚೇಂಜಿನವರು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ನನ್ನನ್ನು ಕಂಡು, “ತೆಗೀಲೇ ಇಲ್ಲ ಅಕ್ಕೋರೆ, ಹಟಮಾರಿ,” ಎಂದರು. ಅಷ್ಟೇ.

ಆಮೇಲೆ ಒಂದು ಕಂಪ್ಯೂಟರ್ ಬಂತು. ಬಿಡಿಭಾಗ ತರಿಸಿ ಜೋಡಿಸಿದ್ದು, ಕೆಂಡದ ಒಲೆಯ ಹಾಗೆ ಬಿಸಿಯಾಗುತ್ತಿತ್ತು. ಕ್ಯಾಸೆಟ್ಟುಗಳನ್ನು ಅದಕ್ಕೆ ತುಂಬಿಸಿ, ‘ಶ್’ ತೆಗೆದು, ಸ್ವರ ಹದ ಮಾಡಿ, ವರ್ಷಾಂತಿಕದ ದಿನ ಎಲ್ಲರಿಗೂ ಒಂದು ಸಿಡಿ ಕೊಡಬೇಕೆಂಬುದು ಅವರ ಆಸೆ. ಕಷ್ಟ ಏನೆಂದರೆ, ಆ ‘ಶ್’ ಮತ್ತು ಬಳೆಯ ಸದ್ದು ಎರಡೂ ಸ್ವರದ ಮೇಲಿನ ಅಟ್ಟದಲ್ಲೇ ವಾಸವಾಗಿರುವಂಥವು. ಒಂದನ್ನು ಹೊರಗೆ ಹಾಕಲು ಹೋದರೆ ಇನ್ನೊಂದೂ ಹೊರಟುಬಿಡುತ್ತದೆ. ಕೇರುವಾಗ ಕೈ ಸ್ವಲ್ಪ ಜೋರಾದರೆ ಹೊಟ್ಟಿನ ಜೊತೆ ಕಾಳೂ ಹಾರಿಹೋದ ಹಾಗೆ. ಮೊದಲು ಬೇಡ ಬೇಡ ಎಂದದ್ದು ಆ ಬಳೆಯನ್ನು. ಈಗ ಅದೊಂದು ಹೋಗಬಾರದು… ಅದೊಂದೇ ಅವರ ಜೀವ.

ವರ್ಷಾಂತಿಕದ ಊಟ ಮುಗಿದ ಮೇಲೆ ಸಿಡಿ ಹಾಕಿದರು. ನಾಲ್ಕು ಸಾಲು ಆಗುವಷ್ಟರಲ್ಲಿ ಮಕ್ಕಳು ಕಿವಿ ಮುಚ್ಚಿಕೊಂಡವು. ಸ್ವರವೆಲ್ಲ ಚೂಪು, ತಗಡಿನ ಮೇಲೆ ಮೊಳೆ ಎಳೆದ ಹಾಗೆ. ಬಳೆಯಂತೂ ಹಲ್ಲು ಜುಮ್ಮೆನ್ನಿಸುತ್ತಿತ್ತು. ಹೊಳನಗದ್ದೆಯಿಂದ ಬಂದಿದ್ದ ನಾದಿನಿಗೆ, ಅಂದರೆ ಹೆಂಡತಿಯ ತಂಗಿಗೆ, ತಡೆಯಲಾಗಲಿಲ್ಲ.

“ಬಾವಾ, ಇದೆಂತದು? ನಮ್ಮಕ್ಕ ಹೀಂಗೆ ಕಿರಚ್ತಿತ್ತಾ? ಬೆಣ್ಣೆಯಂತ ಸ್ವರ ಅದ್ರದ್ದು. ನೀವು ಕತ್ತಿ ಮಾಡಿ ಇಟ್ರಿ!”

ಅವರು ಎದ್ದು ಹೋಗಿ ಸಿಡಿ ನಿಲ್ಲಿಸಿದರು. ಹಂಚಲೆಂದು ಇಟ್ಟಿದ್ದ ಉಳಿದ ಸಿಡಿಗಳನ್ನು ಯಾರಿಗೂ ಕೊಡಲಿಲ್ಲ. ಮರುದಿನ ಪಾಗಾರದ ಬಳಿ ಬಂದು, “ತಪ್ಪು ಹೆಡ್‌ಫೋನಿಂದು ಅಕ್ಕೋರೆ,” ಎಂದರು. “ಅದ್ರಲ್ಲಿ ನಂಗೆ ಬಳೆ ಕೇಳ್ತಾ ಇರ್ಲಿಲ್ಲ. ಕೇಳುವವರೆಗೆ ಮೇಲಿನ ಸ್ವರ ಏರಿಸ್ತಾ ಹೋದೆ. ಅದು ಸುಳ್ಳು ಹೇಳ್ತು, ನಾ ನಂಬ್ದೆ. ಖರೆ ಹೇಳುದು ಒಂದು ಬೇಕು.”

ಸೈಬರ್ ಕೆಫೆಯಿಂದ ಅವರು ಪ್ರಿಂಟ್ ತೆಗೆಸಿ ತಂದ ಇಂಗ್ಲಿಷ್ ಲೇಖನಗಳನ್ನು ನಾನು ಓದಿ ಹೇಳಬೇಕು. ಮಿಕ್ಸ್ ಮಾಡುವವರಿಗೆ ‘ಫ್ಲ್ಯಾಟ್’ ಹೆಡ್‌ಫೋನ್ ಬೇಕು ಎಂದು ಎಲ್ಲದರಲ್ಲೂ ಇತ್ತು. ನಾನು ಮೊದಲು ‘ಚಪ್ಪಟೆ’ ಎಂದೆ. ಅವರು ಹೆಡ್‌ಫೋನಿನ ಬಟ್ಟಲನ್ನು ಅಡಿಮೇಲು ಮಾಡಿ ನೋಡಿ, “ಚಪ್ಪಟೆಯೇ ಇದೆಯಲ್ಲ ಇದು,” ಎಂದರು. ಮತ್ತೆ ‘ಸಪ್ಪೆ’ ಎಂದೆ. “ಸಪ್ಪೆ ಯಾಕೆ ಬೇಕು ಅಕ್ಕೋರೆ, ನಮ್ಗೇನು ಡಾಕ್ಟರ್ ಹೇಳಿದ್ರಾ?” ಕೊನೆಗೆ ನಾನು ಪಾಠದಂತೆ ವಿವರಿಸಿದೆ: ಅಂಗಡಿಯ ಹೆಡ್‌ಫೋನುಗಳು ಕೇಳುವವರನ್ನು ಖುಷಿಪಡಿಸಲು ಕೆಳಗಿನ ಸ್ವರಕ್ಕೆ ಇಷ್ಟು ಬೆಲ್ಲ, ಮೇಲಿನ ಸ್ವರಕ್ಕೆ ಇಷ್ಟು ಉಪ್ಪು ಸೇರಿಸುತ್ತವೆ, ಫ್ಲ್ಯಾಟ್ ಎಂದರೆ ಏನನ್ನೂ ಸೇರಿಸದೆ, ಏನನ್ನೂ ಕದಿಯದೆ, ಇದ್ದದ್ದನ್ನು ಇದ್ದ ಹಾಗೆ ಕೇಳಿಸುವುದು. “ಅದೇ ಮತ್ತೆ ನಾ ಹೇಳಿದ್ದು,” ಎಂದರು ಅವರು. “ಖರೆ.” ಅವತ್ತಿನಿಂದ ನಮ್ಮಿಬ್ಬರ ಡಿಕ್ಷನರಿಯಲ್ಲಿ ಫ್ಲ್ಯಾಟ್ ಎಂದರೆ ಖರೆ.

ಅಂಥದ್ದು ಸಿಕ್ಕರೆ ಭಟ್ಕಳದಲ್ಲೇ ಸಿಗಬೇಕು. ಆಗ ದುಬೈ ಸಾಮಾನೆಲ್ಲ ಅಲ್ಲಿ. ಒಂದು ಶನಿವಾರ ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಹೊರಟೆವು. ಬಾಕ್ಸಿನ ಮೇಲಿನ ಇಂಗ್ಲಿಷ್ ಓದಲು ನಾನು, ಕೇಳಲು ಅವರು. ಹೊನ್ನಾವರ ದಾಟುವಾಗ ಕಿಟಕಿಯಿಂದ ಕೈ ತೋರಿಸಿ, “ನಾ ಮೊದಲು ‘ನಂಬರ್ ಪ್ಲೀಸ್’ ಅಂದ ಊರು,” ಎಂದರು. ಆ ಕಾಲದಲ್ಲಿ ಉಸಿರು ಕೇಳಿಯೇ ಯಾರ ಮನೆಯ ಕರೆ ಎಂದು ಹೇಳುತ್ತಿದ್ದರಂತೆ. ತೊಡೆಯ ಮೇಲೆ ಚೀಲ, ಚೀಲದಲ್ಲಿ ಸಿಡಿ ಪ್ಲೇಯರ್, ಅದರಲ್ಲಿ ಹೆಂಡತಿಯ ಹಾಡು, ಏನೂ ತಿದ್ದದ ಮೂಲ ರೆಕಾರ್ಡಿಂಗ್. ಹೆಡ್‌ಫೋನ್ ಆರಿಸುವಾಗ ಅಂಗಡಿಯವರ ಹಾಡು ಕೇಳಬಾರದು, ನಮಗೆ ಬಾಯಿಪಾಠ ಇರುವ ಹಾಡೇ ಕೇಳಬೇಕು, ಅದೂ ಸಣ್ಣ ವಾಲ್ಯೂಮಿನಲ್ಲಿ. ಇದು ಅವರ ನಿಯಮ.

ಅಂಗಡಿಯ ಸಾಹೇಬರು ವಯಸ್ಸಾದವರು, ಬಿಳಿ ಟೋಪಿ, ಬಹಳ ಹಸನ್ಮುಖಿ. “ಆಯಿಯೇ ಆಯಿಯೇ. ಇದು ಹಾಕಿ ನೋಡಿ ಸಾರ್. ಬಾಸ್ ಹೇಗಿದೆ ಅಂದ್ರೆ ಎದೆ ನಡುಗ್ತದೆ.”

“ಎದೆ ನಡುಗುದು ಬೇಡ ಸಾಹೇಬ್ರೆ. ಈ ಪ್ರಾಯದಲ್ಲಿ ಅದು ತನ್ನಷ್ಟಕ್ಕೇ ನಡುಗ್ತದೆ.”

ಒಂದೊಂದನ್ನೇ ಹಾಕಿಕೊಂಡರು. ಕಣ್ಣು ಮುಚ್ಚಿ, ತಲೆ ಬಾಗಿಸಿ ಕೇಳಿದರು. ಒಂದರಲ್ಲಿ ಹೆಂಡತಿ ಬಾವಿಯೊಳಗೆ ಕೂತು ಹಾಡುತ್ತಾಳೆ ಎಂದರು. ಇನ್ನೊಂದರಲ್ಲಿ ಅವಳಿಗೆ ನೆಗಡಿ. ಇನ್ನೊಂದು ಕನ್ನಡಕದ ಕಡ್ಡಿಯನ್ನು ತಲೆಯೊಳಗೇ ಒತ್ತುತ್ತದೆ, ಗಂಟೆಗಟ್ಟಲೆ ಕೂರಲಾಗದು. ಪ್ರತಿಯೊಂದನ್ನೂ ಕೆಳಗಿಡುವಾಗ ಒಂದೇ ಮಾತು: “ಇದ್ರಲ್ಲೂ ಬಳೆ ಇಲ್ಲ.”

ಸಾಹೇಬರು ಕೊನೆಗೆ ತಾಳ್ಮೆ ಕಳೆದುಕೊಂಡು, “ಬಳೆ ಬೇಕಿದ್ರೆ ಎದುರಿನ ಅಂಗಡಿ ಸಾರ್,” ಎಂದರು.

ನಾನು ಬಿದ್ದು ಬಿದ್ದು ನಕ್ಕೆ. ಅವರೂ ನಕ್ಕರು. ನಕ್ಕು, ಆಮೇಲೆ ಸ್ಟೂಲಿನ ಮೇಲೆ ಕೂತು, ವಿಷಯ ಏನೆಂದು ಹೇಳಿದರು. ಸಾಹೇಬರು ಟೋಪಿ ತೆಗೆದು ತಲೆ ಸವರಿಕೊಂಡರು. ಚಹಾ ತರಿಸಿದರು. ತಮ್ಮ ಅಳಿಯ ದುಬೈಯಲ್ಲಿ ರೇಡಿಯೋ ಜಾಹೀರಾತು ರೆಕಾರ್ಡ್ ಮಾಡುವಲ್ಲಿ ಕೆಲಸಕ್ಕಿದ್ದಾನೆ, ಈದ್‌ಗೆ ಬರುತ್ತಾನೆ, ಅಲ್ಲಿಯವರು ಹಾಕುವಂಥದ್ದನ್ನೇ ತರಿಸಿಕೊಡುತ್ತೇನೆ ಎಂದರು. “ಭಾಭಿಯ ಬಳೆ ಎಲ್ಲಿ ಹೋಗ್ತದೆ ಸಾರ್? ಟೇಪಿನಲ್ಲೇ ಇದೆ. ಸಿಗ್ತದೆ, ಇನ್ಶಾ ಅಲ್ಲಾ.”

ಈದ್ ಕಳೆದ ವಾರ ಅದು ಬಂತು. ಕಪ್ಪು ಬಣ್ಣ, ಅಂದವೇನಿಲ್ಲ, ಫೋನಿನ ವಯರಿನಂತೆ ಸುರುಳಿ ಸುತ್ತಿದ ವಯರು, ಕಿವಿಯನ್ನು ಪೂರ್ತಿ ಒಳಗೆ ತೆಗೆದುಕೊಳ್ಳುವ ಮೆತ್ತನೆ ದಿಂಬು. ಶಾಲೆ ಬಿಟ್ಟು ಬಂದ ನನ್ನನ್ನು ಕೈಕಾಲು ತೊಳೆಯಲೂ ಬಿಡದೆ ಕರೆದರು. ಮುಡಿ ಕೋಣೆಯಲ್ಲಿ ಹುಲ್ಲಿನ ವಾಸನೆ. ಅವರು ಹೆಡ್‌ಫೋನ್ ಏರಿಸಿಕೊಂಡು ಹೆಣ್ಣು ಒಪ್ಪಿಸುವ ಹಾಡು ಹಚ್ಚಿದರು. ಮುಖ ಅರಳಿತು. “ಆಹಾ, ಸ್ವರ ಖರೆ ಬಂತು ನೋಡಿ. ಅವಳೇ. ಅವಳೇ ಇದು.” ಆಮೇಲೆ ಕಾದರು. ಸಾಲು ಮುಗಿದಿರಬೇಕು, ಅವರ ಹುಬ್ಬು ಮೇಲೇರಿ ಹಾಗೇ ನಿಂತಿತು. ಮತ್ತೊಂದು ಸಾಲು. ಮತ್ತೊಂದು… ಮೆಲ್ಲಗೆ ತೆಗೆದು ನನ್ನ ಕೈಗಿಟ್ಟರು.

“ಇದೂ ಸುಳ್ಳೇ ಅಕ್ಕೋರೆ. ಬಳೆ ಇಲ್ಲ. ನೀವೇ ಕೇಳಿ.”

ನಾನು ಹಾಕಿಕೊಂಡೆ. ಶ್… ಗಂಟಲು ಸರಿಮಾಡಿಕೊಂಡಳು. ಹಾಡಿದಳು. ಸಾಲಿನ ಕೊನೆಗೆ, ನನ್ನ ಬಲಗಿವಿಯ ಪಕ್ಕದಲ್ಲೇ, ಕೈಚಾಚಿದರೆ ಸಿಗುವಂತೆ, ಕಿಣಿ. ಅಷ್ಟು ಸ್ವಚ್ಛ. ಒಂದು ಬಳೆ ಇನ್ನೊಂದನ್ನು ತಾಗಿ ಜಾರಿದ್ದೂ ಕೇಳಿಸಿತು. ಮೈ ಗಾಡ್, ನಾನು ತಿರುಗಿ ನೋಡಿದೆ, ಅವಳು ಅಲ್ಲಿ ಕೂತಿದ್ದಾಳೇನೋ ಎಂದು. ಅಲ್ಲಿ ಅವರಿದ್ದರು. ನನ್ನ ಮುಖವನ್ನೇ ನೋಡುತ್ತಿದ್ದರು.

“ಎಂತ? ಅದೆಯಾ?”

ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಒಬ್ಬರು, ಸುಳ್ಳಿನಲ್ಲಿ ದೊಡ್ಡದು ಸಣ್ಣದು ಎಂದಿಲ್ಲ ಎನ್ನುತ್ತಿದ್ದರು. ಆ ಹೊತ್ತಿಗೆ ಒಂದು ಸಣ್ಣದು ಸಿಕ್ಕಿದ್ದರೆ ನಾನು ಹೇಳುತ್ತಿದ್ದೆನೋ ಏನೋ. ಆದರೆ ಆ ಮನುಷ್ಯ ಇಷ್ಟು ದಿನ ಹುಡುಕಿದ್ದು ಖರೆ ಹೇಳುವುದನ್ನು.

“ಅದೆ,” ಎಂದೆ.

“ಪ್ರತಿ ಸಾಲಿಗೂ?”

“ಪ್ರತಿ ಸಾಲಿಗೂ.”

ಅವರು ನನ್ನ ತಲೆಯಿಂದ ಹೆಡ್‌ಫೋನ್ ತೆಗೆದು, ಪಂಚೆಯ ತುದಿಯಿಂದ ಅದರ ದಿಂಬುಗಳನ್ನು ಒರೆಸಿದರು. “ಪಾಪ,” ಎಂದರು, “ಇದ್ರ ಮೇಲೆ ಸುಮ್ನೆ ಅಪವಾದ ಹೊರ್ಸ್ದೆ. ಭಟ್ಕಳದ ಅಂಗಡಿಯಲ್ಲಿ ಎಲ್ಲದರ ಮೇಲೂ ಹೊರ್ಸ್ದೆ. ಎಲ್ಲದರಲ್ಲೂ ಇತ್ತೋ ಏನೋ…” ತಮ್ಮ ಎಡಗಿವಿಯನ್ನು ಮುಟ್ಟಿ ನೋಡಿಕೊಂಡರು, ಅಲ್ಲಿಂದ ಏನೋ ಬಿದ್ದುಹೋದವರಂತೆ. ಆಮೇಲೆ ಬಲಗಿವಿಯನ್ನು.

ಮಣಿಪಾಲದ ಡಾಕ್ಟರೂ ಅದನ್ನೇ ಹೇಳಿದರು. ಮೇಲಿನ ಸ್ವರಗಳು ಹೋಗಿವೆ, ಕೆಳಗಿನವೂ ಒಂದೊಂದಾಗಿ ಹೋಗಲಿವೆ. ಕಿವಿಗೊಂದು ಮಷೀನು ಕೊಟ್ಟರು. ಮಾತು ಒಂದಿಷ್ಟು ಹತ್ತಿರ ಬಂತು. ಬಳೆ ಬರಲಿಲ್ಲ.

ಅಲ್ಲಿಗೆ ಬಿಡುತ್ತಾರೆ ಎಂದುಕೊಂಡಿದ್ದೆ. ಬಿಡಲಿಲ್ಲ. “ನೀವು ಕೇಳಿ, ನಾ ಮಾಡ್ತೆ,” ಎಂದರು. ಮತ್ತೆ ಎಷ್ಟೋ ತಿಂಗಳು ನನ್ನ ಸಂಜೆಗಳೆಲ್ಲ ಆ ಕೋಣೆಯಲ್ಲೇ. ಹೆಡ್‌ಫೋನ್ ನನ್ನ ಕಿವಿಗೆ, ಮೌಸ್ ಅವರ ಕೈಗೆ. ಬಳೆ ಬಂದಾಗ ನಾನು ಬೆರಳೆತ್ತಬೇಕು. ಎತ್ತದಿದ್ದರೆ ‘ಶ್’ ತೆಗೆದದ್ದು ಹೆಚ್ಚಾಯಿತೆಂದು ಲೆಕ್ಕ; ಒಂದಿಷ್ಟು ‘ಶ್’ ವಾಪಸ್ ಬಿಡುತ್ತಿದ್ದರು. ಬೆರಳೆತ್ತಿದರೂ ಸಮಾಧಾನವಿಲ್ಲ. “ಬಂತಾ?” ಎಂದು ಕೇಳುವರು. “ಬಂತು,” ಎನ್ನಬೇಕು. “ಚುಚ್ಚುದಿಲ್ಲ ಅಲ್ಲ?” “ಇಲ್ಲ.” “ಅವಳ ಕೈಯಷ್ಟೇ ದೂರ ಅದೆ ಅಲ್ಲ?” ಈ ಕೊನೆಯದಕ್ಕೆ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು. ಹೆಡ್‌ಫೋನಿನಲ್ಲಿ ಸರಿ ಎನಿಸಿದ್ದನ್ನು ಹಳೆಯ ಟೂ-ಇನ್-ಒನ್‌ನಲ್ಲೂ, ರಿಕ್ಷಾದವರ ಟೇಪಿನಲ್ಲೂ ಹಾಕಿಸಿ ಮತ್ತೆ ನನ್ನನ್ನು ಕೇಳುವರು. ಎಲ್ಲ ಕಡೆಯೂ ಅವಳು ಅವಳೇ ಆಗಿರಬೇಕು.

ಮುಂದಿನ ವರ್ಷದ ತಿಥಿಗೆ ಸಿಡಿ ಹಾಕಿದಾಗ ‘ಶ್’ ಇತ್ತು, ಸ್ವಲ್ಪ. ಅದನ್ನು ಬೇಕೆಂದೇ ಬಿಟ್ಟಿದ್ದೆವು. ಮೊದಲ ಬಳೆ ಬಂದಾಗ ನಾದಿನಿ ಬಾಗಿಲ ಕಡೆ ನೋಡಿದಳು. ಎರಡನೆಯದಕ್ಕೆ ಸೆರಗು ಬಾಯಿಗೆ ಹೋಯಿತು. “ಬಾವಾ, ಅಕ್ಕ ಒಳಗೆ ಕೂತಂಗೇ ಆತಲ್ರಾ…” ಅವರು ನಗುತ್ತ ಕೂತಿದ್ದರು, ಒಬ್ಬೊಬ್ಬರ ಮುಖವನ್ನೂ ನೋಡುತ್ತ. ಯಾರ ಕಣ್ಣು ಯಾವಾಗ ತುಂಬುತ್ತದೆ ಎಂದು ನೋಡಿ, ಬಳೆ ಬಂತೆಂದು ತಿಳಿದುಕೊಳ್ಳುತ್ತಿದ್ದರು. ಇದು ಆಗ ನನಗೊಬ್ಬಳಿಗೇ ಗೊತ್ತಿತ್ತು.

ಹೈವೇಯಲ್ಲಿ ಲಾರಿಯ ಹಾರ್ನೂ ಕೇಳಿಸದಂತಾದ ಮೇಲೆ ಅವರ ತಮ್ಮ ಶಿರಾಲಿಯಿಂದ ಬಂದು ಅವರನ್ನು ಕರೆದುಕೊಂಡು ಹೋದ. ಆ ಮನೆಯನ್ನು ಯಾರೋ ಕೊಂಡರು, ಪಾಗಾರ ಎತ್ತರವಾಯಿತು. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಎಲ್ಲ ಮುಗಿದ ಮೇಲೆ.

ಮೊನ್ನೆ ಆ ಹುಡುಗಿಗೆ ನಾನು ಅವರ ಪಾಠವನ್ನೇ ಹೇಳಿದೆ. ಕೇಳಿದ ಕೂಡಲೇ ಖುಷಿಯಾಗುವುದನ್ನು ಕೊಳ್ಳಬೇಡ ಪುಟ್ಟಿ, ಅದು ನಿನ್ನನ್ನು ಫ್ಲ್ಯಾಟರ್ ಮಾಡುತ್ತದೆ. ನಿನಗೆ ಬಾಯಿಪಾಠ ಇರುವ ಹಾಡು ಹಾಕು. ಸಣ್ಣಗೆ ಕೇಳು. ಅದರ ತಪ್ಪುಗಳೂ ಕೇಳಿಸುತ್ತವಾ ನೋಡು. ಅವಳು ತಲೆಯಾಡಿಸಿ, ನನ್ನ ಬೀರುವಿನ ಸಿಡಿಯಿಂದ ಹಿಂದೊಮ್ಮೆ ತೆಗೆದಿಟ್ಟುಕೊಂಡಿದ್ದ ಅದೇ ಹೆಣ್ಣು ಒಪ್ಪಿಸುವ ಹಾಡನ್ನು ಹಚ್ಚಿದಳು. ಎರಡು ಹೆಡ್‌ಫೋನಿನಲ್ಲೂ ಎಕ್ಸ್‌ಚೇಂಜಿನವರ ಹೆಂಡತಿಯ ಸ್ವರ ಬಂತು, ಬೆಣ್ಣೆಯ ಹಾಗೆ. ಆ ಹಾಡಿನ ‘ಶ್’ ಯಾಕೋ ಕೇಳಿಸಲಿಲ್ಲ. ಸಾಲು ಮುಗಿಯಿತು. ನಾನು ಕಾದೆ. ಇನ್ನೊಂದು ಸಾಲು ಮುಗಿಯಿತು…

ಹೆಡ್‌ಫೋನ್ ತೆಗೆದು ಹುಡುಗಿಗೆ ಹಾಕಿದೆ. “ಬಳೆ ಬಂದಾಗ ಬೆರಳೆತ್ತು,” ಎಂದೆ. ಅವಳು ಎತ್ತಿದಳು. ಮತ್ತೆ ಎತ್ತಿದಳು. ಎರಡನ್ನೂ ಹಾಕಿ ನೋಡಿ, “ಇದ್ರಲ್ಲಿ ಬಳೆ ಇನ್ನೂ ಕ್ಲಿಯರ್ ಅಜ್ಜಿ, ಇದೇ ಇರ್ಲಿ,” ಎಂದಳು. “ಇರಲಿ,” ಎಂದೆ. ಇಷ್ಟು ವರ್ಷ ಆ ಬಳೆಯನ್ನು ಬಲ್ಲ ಕಿವಿ ಎಂದು ಉಳಿದಿದ್ದದ್ದು ನನ್ನದೊಂದೇ. ಈಗ ಅದೂ ಹೋಯಿತು.

ಅವರನ್ನು ನಾನು ಕೊನೆಗೆ ಕಂಡದ್ದು ಶಿರಾಲಿಯ ಆ ತಮ್ಮನ ಮನೆಯ ಜಗಲಿಯಲ್ಲಿ. ಎದುರಿಗೆ ಗದ್ದೆ, ಬಿಸಿಲು. ಅವರು ಕುರ್ಚಿಯಲ್ಲಿ, ತಲೆಗೆ ಆ ಕಪ್ಪು ಹೆಡ್‌ಫೋನು. ಅದರ ದಿಂಬಿನ ಸಿಪ್ಪೆ ಸುಲಿದು ಕರಿ ಚೂರುಗಳು ಹೆಗಲ ಮೇಲೆ ಉದುರಿದ್ದವು. ನಾನು ಕೂಗಿದ್ದು ಅವರಿಗೆ ಕೇಳಲಿಲ್ಲ. “ಈಗ ಎಂತದೂ ಕೇಳುದಿಲ್ಲ ಅಕ್ಕೋರೆ, ಸುಮ್ನೆ ಹಾಕ್ಕಂಡು ಕೂತ್ಕಂತ್ರು,” ಎಂದಳು ತಮ್ಮನ ಹೆಂಡತಿ. ಕಣ್ಣು ಮುಚ್ಚಿದ್ದರು. ತೊಡೆಯ ಮೇಲಿದ್ದ ಬಲಗೈಯಿಂದ ಒಂದು ಬೆರಳು ಮೇಲೆದ್ದಿತು, ಇಳಿಯಿತು. ಮತ್ತೆ ಎದ್ದಿತು. ನಾನು ಬಾಗಿ ಹೆಡ್‌ಫೋನಿಗೆ ಕಿವಿ ಹಚ್ಚಿದೆ. ಒಳಗೆ ಹಾಡು ನಡೆದಿತ್ತು. ಸಾಲು ಮುಗಿಯಿತು, ಅವರ ಬೆರಳು, ಅವಳ ಬಳೆ, ಎರಡೂ ಒಟ್ಟಿಗೇ.

ಕೆನ್ನೆಗೆ ನನ್ನ ಉಸಿರು ತಾಗಿತೋ ಏನೋ, ಕಣ್ಣು ತೆರೆದರು. ಆಶ್ಚರ್ಯಪಡಲಿಲ್ಲ. ನಾನು ಬಂದಿರುವುದು ಅದೊಂದೇ ಕೆಲಸಕ್ಕೆ ಎಂಬಂತೆ ಬೆರಳನ್ನು ಹಾಗೇ ಎತ್ತಿ ಹಿಡಿದು ಕೇಳಿದರು.

“ಬಂತಾ?”

ನಾನು ನನ್ನ ಬೆರಳೆತ್ತಿದೆ.